ಕೊಳಗದ ತಳ

ಶಾಲಾ ಕಮಿಟಿಯ ಮರುಳಸಿದ್ದಪ್ಪನವರು ಅಂದು ಶಾಲೆಯ ಬಾಗಿಲಿಗೆ ಬಂದು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ. ಶಾಲೆಯ ಹಿತ್ತಾಳೆ ಕೊಳಗಕ್ಕೆ ನಾನು ಹಾಕಿದ್ದ ಕಲಾಯಿ ಸರಿಯಾಗಿತ್ತೇ ಎಂದು. ಇಲ್ಲ ಎಂದಿದ್ದರೆ ಸಾಕಿತ್ತು. ಒಳಗೆ ಕಮಿಟಿಯವರ ಎದುರು ನನ್ನ ತಂಗಿ ಜೈನಾಬಿ ನಿಂತಿದ್ದಳು. ನಾನು ಇಲ್ಲ ಎಂದಿದ್ದರೆ ಅವಳ ಮೇಲಿನ ದೂರು ಅಲ್ಲಿಗೇ ಬಿದ್ದುಹೋಗುತ್ತಿತ್ತು. ನಾನು ಹೇಳಲಿಲ್ಲ. ಜಗಲಿಯ ಮೇಲೆ ಕೂತು, ಬೀದಿಯ ಕೆಸರು ನೋಡುತ್ತ, ಹೇಳದೆ ಇರುವುದಕ್ಕೆ ಒಂದು ಕಾನೂನು ಹುಡುಕಿಕೊಂಡೆ.

ಈಗ ನಮ್ಮ ನ್ಯಾಮತಿಯಲ್ಲಿ ಕಲಾಯಿ ಹಾಕುವವರು ಯಾರೂ ಉಳಿದಿಲ್ಲ. ಎಲ್ಲರ ಮನೆಯಲ್ಲೂ ಅಲ್ಯೂಮಿನಿಯಂ, ಸ್ಟೀಲು. ಒಲೆಗೆ ಗಾಳಿಯೂದುತ್ತಿದ್ದ ನನ್ನ ತಿದಿಯ ಚರ್ಮ ಒಣಗಿ ಬಿರುಕುಬಿಟ್ಟು ಅಟ್ಟ ಸೇರಿದೆ. ಮೊನ್ನೆ ಸಂತೆಯ ದಿನ ಎಲ್ಲಿಂದಲೋ ಬಂದ ಒಬ್ಬ ಆಲದ ಮರದ ಕೆಳಗೆ ಗುಂಡಿ ತೋಡಿ, ಇದ್ದಿಲು ಹೊತ್ತಿಸಿ, ಯಾರದೋ ದೇವರ ಮನೆಯ ಹಳೆಯ ತಂಬಿಗೆಗೆ ಕಲಾಯಿ ಹಾಕುತ್ತಿದ್ದ. ಕಾದ ಪಾತ್ರೆಗೆ ಅವನು ನವಸಾಗರದ ಪುಡಿ ಉದುರಿಸಿದ. ಬಿಳಿ ಹೊಗೆ ಎದ್ದು ಗಾಳಿಗೆ ನನ್ನ ಕಡೆ ತಿರುಗಿತು. ಕಣ್ಣು ಉರಿದು ನೀರು ಬಂತು. ಹೊಗೆ ಆರಿದ ಮೇಲೂ ನಿಲ್ಲಲಿಲ್ಲ. ಮನೆಗೆ ಬಂದು ಇದನ್ನು ಬರೆಯಲು ಕೂತೆ.

ನಾನು ಶಾಲೆಗೆ ಹೋದದ್ದು ಕನ್ನಡ ಮೂರನೆಯ ಕ್ಲಾಸಿನವರೆಗೆ. ಅಪ್ಪ ತೀರಿಕೊಂಡ ಮೇಲೆ ತಿದಿ ನನ್ನ ಕೈಗೆ ಬಂತು. ಜೈನಾಬಿ ನನಗಿಂತ ಎಂಟು ವರ್ಷ ಚಿಕ್ಕವಳು. ಅವಳು ಗಂಡುಹುಡುಗರ ನಡುವೆ ಮೂಲೆಯಲ್ಲಿ ಕೂತು ಓದಿ, ಹೊನ್ನಾಳಿಗೆ ಗಾಡಿಯಲ್ಲಿ ಹೋಗಿ ಪರೀಕ್ಷೆ ಬರೆದು, ಲೋವರ್ ಸೆಕೆಂಡರಿ ಪಾಸು ಮಾಡಿದಳು. ನಮ್ಮ ಕೇರಿಯಲ್ಲಿ ಅಷ್ಟು ಓದಿದವರು ಗಂಡಸರಲ್ಲೂ ಇರಲಿಲ್ಲ. ನಾನು ಮರೆತುಬಿಟ್ಟಿದ್ದ ಅಕ್ಷರಗಳನ್ನು ಮತ್ತೆ ತಿದ್ದಿಸಿ, ಪೇಪರು ಓದುವಷ್ಟು ಮಾಡಿದವಳೂ ಅವಳೇ. ಈ ಸಾಲುಗಳನ್ನು ಬರೆಯುವ ಕೈಯನ್ನು ತಿದ್ದಿದ್ದು ಅವಳ ಕೈ.

ಅದು ಎರಡನೆಯ ಮಹಾಯುದ್ಧದ ಕಾಲ. ಊರಿನ ಹೆಣ್ಣುಮಕ್ಕಳ ಶಾಲೆ ಅಡಿಕೆ ವ್ಯಾಪಾರಿ ಮರುಳಸಿದ್ದಪ್ಪನವರ ಹಳೆಯ ಉಗ್ರಾಣದಲ್ಲಿ ನಡೆಯುತ್ತಿತ್ತು. ಶಾಲೆಯ ಕಮಿಟಿಗೆ ಅವರೇ ಅಧ್ಯಕ್ಷರು. ಒಬ್ಬ ಮೆಂಬರು ತೀರಿಕೊಂಡು ಜಾಗ ಖಾಲಿ ಬಿದ್ದಿತ್ತು. ರೋಹಿಣಿ ಮಳೆಗೆ ಮೊದಲು ಒಂದು ಸಂಜೆ ಅವರು ನಮ್ಮ ಮನೆಯ ಮುಂದೆ ನಿಂತು ನನ್ನನ್ನು ಕರೆದರು. ನಾನು ಪಾತ್ರೆ ಒಯ್ಯಲು ಕರೆಯುತ್ತಿದ್ದಾರೆಂದುಕೊಂಡು ಗೋಣಿಚೀಲ ಹಿಡಿದು ಹೊರಗೆ ಬಂದೆ.

"ಚೀಲ ಒಳಗಿಡೋ ಇಮಾಮ. ನಿನ್ನ ಕಮಿಟಿಗೆ ಸೇರಿಸ್ಕಬೇಕು ಅಂತ ಮಾಡೀವಿ."

ಓದದವನು ನಾನು, ನನಗೇಕೆ ಎಂದೆ.

"ಓದಿದೋರು ನಾವು ಮೂರು ಮಂದಿ ಅದೀವಲ್ಲ, ಏನು ಕಡಿದು ಕಟ್ಟೆ ಹಾಕೀವಿ? ನಾವು ತಲಬಾಗಿಲಿಗೆ ಹೋಗೋರು. ನೀನು ಹಿತ್ತಿಲ ಬಾಗಿಲಿಗೆ ಹೋಗೋನು. ಯಾವ ಮನೇಲಿ ಯಾವ ಹೆಣ್ಣುಮಗು ಸ್ಕೂಲಿಗೆ ಬರದೆ ಪಾತ್ರೆ ತಿಕ್ಕತಾ ಕುಂತೈತೆ ಅಂತ ನಿನಗೆ ಗೊತ್ತಿರತೈತೆ."

ಅದು ನಿಜವಾಗಿತ್ತು. ಎಲ್ಲ ಜಾತಿಯವರ ಹಿತ್ತಿಲಿಗೂ ಕಲಾಯಿಯವನಿಗೆ ದಾರಿಯಿತ್ತು. ಹೀಗೆ ನಾನು ಶಾಲಾ ಕಮಿಟಿಯ ಮೆಂಬರಾದೆ.

ಮೊದಲ ಮೀಟಿಂಗಿಗೆ ತಾಲ್ಲೂಕಿನಿಂದ ಇನ್‌ಸ್ಪೆಕ್ಟರ್ ಸಾಹೇಬರು ಬಂದಿದ್ದರು. ನಾನು ಬಾಗಿಲ ಹತ್ತಿರ ನೆಲದ ಮೇಲೆ ಕೂತೆ. ಮರುಳಸಿದ್ದಪ್ಪನವರು, "ಇಮಾಮ್ ಸಾಬ್ರೆ, ಜಮಖಾನದ ಮೇಲೆ ಬರ್ರಿ" ಎಂದರು. ಬೀದಿಯಲ್ಲಿ ಇಮಾಮ ಎಂದು ಏಕವಚನದಲ್ಲಿ ಕರೆಯುತ್ತಿದ್ದ ಬಾಯಿ ಅದು. ಶಾಲೆಯ ಹೊಸ್ತಿಲ ಒಳಗೆ ನಾನು ಸಾಬ್ರು ಆದೆ, ಹೊರಗೆ ಬಂದರೆ ಮತ್ತೆ ಇಮಾಮ. ಆದರೂ ಆ ಒಂದು ತಾಸಿನ ಬಹುವಚನ ನನಗೆ ಎಷ್ಟು ರುಚಿಸಿತೆಂದು ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಮುಂದೆ ನಾನು ಮಾಡಿದ್ದಕ್ಕೆ ಈ ರುಚಿಯೂ ಒಂದು ಕಾರಣ.

ಮೆಂಬರಿನ ಕೆಲಸ ಏನೆಂದು ಅಂದು ಇನ್‌ಸ್ಪೆಕ್ಟರ್ ಸಾಹೇಬರು ಬಿಡಿಸಿ ಹೇಳಿದರು. ಪಾಠ ಹೇಗೆ ಹೇಳಬೇಕೆಂದು ಉಪಾಧ್ಯಾಯಿನಿಗೆ ನಾವು ಹೇಳಕೂಡದು. ಹೆಂಚು ಸೋರುತ್ತದೆಯೇ, ಚಾಪೆ ಇದೆಯೇ, ನೀರು ಒಳ್ಳೆಯದೇ, ಮಕ್ಕಳು ಬರುತ್ತಿದ್ದಾರೆಯೇ, ಬರದಿದ್ದರೆ ಯಾಕೆ, ಇದನ್ನು ನೋಡಬೇಕು. ಕಳೆ ಕೀಳುವ ಕಾಲಕ್ಕೆ ಮಕ್ಕಳಿಗೆ ರಜೆ ಯಾವಾಗ ಬೇಕೆಂದು ತಿಳಿಸಬೇಕು. ಒಬ್ಬನೇ ಮೆಂಬರು ಯಾರಿಗೂ ಹುಕುಂ ಮಾಡುವಂತಿಲ್ಲ, ಹುಕುಂ ಏನಿದ್ದರೂ ಎಲ್ಲರೂ ಕೂತು ಮಾಡಿದ್ದು. ಆದರೆ ಒಬ್ಬನೇ ಮೆಂಬರು ಏನನ್ನು ಬೇಕಾದರೂ ಕೇಳಬಹುದು. ಕೊನೆಗೆ ಇನ್ನೊಂದು ಮಾತು ಹೇಳಿದರು. ತನ್ನ ಮನೆಯವರ ವಿಷಯ ಬಂದಾಗ ಮೆಂಬರಾದವನು ಎದ್ದು ಹೊರಗೆ ಹೋಗಬೇಕು.

ಅದು ಬೇಗನೇ ಉಪಯೋಗಕ್ಕೆ ಬಂತು. ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಅಕ್ಕೋರು ಪಾರ್ವತಮ್ಮ ಬಾಣಂತನಕ್ಕೆಂದು ತವರೂರು ಚನ್ನಗಿರಿಗೆ ಹೊರಟು ನಿಂತರು. ಅವರ ಜಾಗಕ್ಕೆ ಪಾಸಾದ ಹೆಂಗಸು ಹತ್ತಿರದಲ್ಲಿ ಬೇರೆ ಯಾರೂ ಇರಲಿಲ್ಲ. ಜೈನಾಬಿಯ ಹೆಸರನ್ನು ಮರುಳಸಿದ್ದಪ್ಪನವರೇ ಎತ್ತಿದರು. ನಾನು ಎದ್ದು ಜಗಲಿಗೆ ಹೋಗಿ ಕೂತೆ. ಒಳಗೆ ಗೊಣಗಾಟ ಕೇಳಿಸಿತು. ಸಾಬರ ಹುಡುಗಿ ನಮ್ಮ ಮಕ್ಕಳಿಗೆ ಏನು ಕಲಿಸಿಯಾಳು ಎಂದು ಒಬ್ಬರು, ಶರಣರ ವಚನ ಅವಳಿಗೆ ನಿನಗಿಂತ ಹೆಚ್ಚು ಬರುತ್ತದೆ ಎಂದು ಮರುಳಸಿದ್ದಪ್ಪನವರು. ಕರೆದಾಗ ಒಳಗೆ ಹೋದೆ. ತಟ್ಟೆಯಲ್ಲಿ ಎಲೆ ಅಡಿಕೆ ಇಟ್ಟಿದ್ದರು. ನಮ್ಮಲ್ಲಿ ತೀರ್ಮಾನವಾದ ಮೇಲೆ ಒಪ್ಪಿದವರು ಅದರಿಂದ ಒಂದು ಅಡಿಕೆ ಎತ್ತಿಕೊಳ್ಳುವುದು ಪದ್ಧತಿ. ಎಲ್ಲರೂ ಎತ್ತಿಕೊಂಡಿದ್ದರು. ಪಾರ್ವತಮ್ಮ ಬರುವವರೆಗೆ ಜೈನಾಬಿ, ಆಮೇಲೂ ಚೆನ್ನಾಗಿ ನಡೆದರೆ ಎರಡನೆಯ ಅಕ್ಕೋರಾಗಿ ಅವಳನ್ನೇ ಕಾಯಂ ಮಾಡಲು ತಾಲ್ಲೂಕಿಗೆ ಬರೆಯುವುದು ಎಂದಾಗಿತ್ತು. ಅಂದು ನಾನು ಜಗಲಿಯ ಮೇಲೆ ಕೂತದ್ದು ಸರಿಯಾಗಿಯೇ ಇತ್ತು.

ಮನೆಗೆ ಬಂದು ಸುದ್ದಿ ಹೇಳಿದರೆ ಅವಳು ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ನಕ್ಕಳು. "ಮೆಂಬರ್ ಸಾಹೇಬ್ರೆ, ಇನ್ಮ್ಯಾಲೆ ಸ್ಕೂಲಿಗೆ ಬರಬೇಕಾದ್ರೆ ಕೈ ತೊಳ್ಕಂಡು ಬರ್ರಿ. ಚಾಪೆಗೆಲ್ಲ ಮಸಿ ಮಾಡ್ತೀರಿ."

ಆರಿದ್ರಾ ಮಳೆ ಹಿಡಿದಾಗ ಅವಳು ಶಾಲೆಗೆ ಹೋಗತೊಡಗಿದಳು. ನಾನು ಹಿತ್ತಿಲುಗಳಿಗೆ ಹೋಗತೊಡಗಿದೆ. ಮಳೆಗಾಲದಲ್ಲಿ ಬಯಲಿನಲ್ಲಿ ಒಲೆ ಹೂಡಲು ಆಗುವುದಿಲ್ಲ, ಕೆಲಸ ಕಡಿಮೆ. ಕಂಬಳಿ ಕೊಪ್ಪೆ ಹಾಕಿಕೊಂಡು ಮನೆಮನೆಯ ಹಿಂಬಾಗಿಲಲ್ಲಿ ನಿಂತು ಹೆಣ್ಣುಮಕ್ಕಳನ್ನು ಶಾಲೆಗೆ ಕಳಿಸಿ ಎಂದು ಕೇಳುತ್ತಿದ್ದೆ. ಬೈಗುಳವೂ ಸಿಗುತ್ತಿತ್ತು. ಕುಂಬಾರ ಓಣಿಯ ಒಬ್ಬ ಮುದುಕಿ, "ನಿನ್ನ ತಂಗಿ ಹಂಗೆ ನನ್ನ ಮೊಮ್ಮಗಳೂ ಓದಿ ಓದಿ ಮದುವಿ ಆಗದೆ ಹಳೇದಾದ್ರೆ, ನೀನೇನು ಕಲಾಯಿ ಹಾಕಿ ಹೊಸದು ಮಾಡಿಕೊಡ್ತೀಯೇನೋ?" ಎಂದಳು. ನಾನೂ ಬಿಡಲಿಲ್ಲ. "ಓದೇ ಕಲಾಯಿ ಕಣಜ್ಜಿ, ಮ್ಯಾಲೆ ಬ್ಯಾರೆ ಬೇಕಾಗಿಲ್ಲ" ಎಂದೆ. ಮುದುಕಿ ಮಾರನೆಯ ವಾರ ಮೊಮ್ಮಗಳನ್ನು ಕಳಿಸಿದಳು.

ಬಂದ ಮಕ್ಕಳು ಉಳಿದದ್ದು ಮಾತ್ರ ಜೈನಾಬಿಯಿಂದ. ಮರುಳಸಿದ್ದಪ್ಪನವರ ಮೊಮ್ಮಗಳು ಗೌರಿ, ಏಳು ವರ್ಷದವಳು, ಮನೆಯಲ್ಲಿ ಮಾತೇ ಆಡದವಳು, ಜೈನಾಬಿಯ ಸೆರಗು ಹಿಡಿದು ಮಗ್ಗಿ ಒಪ್ಪಿಸುತ್ತಿದ್ದಳಂತೆ. ಕುಡಿಯುವ ನೀರನ್ನು ಮಾತ್ರ ಜೈನಾಬಿ ಮುಟ್ಟುತ್ತಿರಲಿಲ್ಲ. ಅದಕ್ಕೆ ಬಸವ್ವ ಎಂಬ ಲಿಂಗವಂತರ ಅಜ್ಜಿಯನ್ನು ಇಟ್ಟಿದ್ದರು. ಅದರ ಬಗ್ಗೆ ಜೈನಾಬಿ ಬೇಸರ ಪಟ್ಟದ್ದನ್ನು ನಾನು ಕಂಡಿಲ್ಲ. ಅವಳಿಗೆ ಶಾಲೆ ಬೇಕಾಗಿತ್ತು. ಬೆಳಗ್ಗೆ ಎದ್ದು ಅವಳು ಶಾಲೆಗೆ ಹೊರಡುವ ನಡಿಗೆಯಲ್ಲಿಯೇ ಅದು ಕಾಣುತ್ತಿತ್ತು.

ಇನ್ನು ಆ ಕೊಳಗದ ವಿಷಯ. ಮರುಳಸಿದ್ದಪ್ಪನವರ ತಾಯಿ ಶಾಲೆಗೆಂದು ಕೊಟ್ಟಿದ್ದ ದೊಡ್ಡ ಹಿತ್ತಾಳೆ ಪಾತ್ರೆ ಅದು. ಪ್ರತಿ ವರ್ಷ ಶ್ರಾವಣದ ಕೊನೆಯ ಸೋಮವಾರ ಕಮಿಟಿಯ ಕಡೆಯಿಂದ ಮಕ್ಕಳಿಗೆ ಅದರಲ್ಲಿ ನಿಂಬೆಹಣ್ಣಿನ ಪಾನಕ ಮಾಡಿ ಹಂಚುತ್ತಿದ್ದರು. ಉಳಿದ ದಿನ ನೀರು ತುಂಬಿಡುತ್ತಿದ್ದರು. ಒಳಗಿನ ಕಲಾಯಿ ಸವೆದಿತ್ತು. ಕಲಾಯಿ ಎಂದರೆ ಪಾತ್ರೆಯ ಒಳಮೈಗೆ ಬಳಿಯುವ ತವರ. ಅದು ಇಲ್ಲದಿದ್ದರೂ ನೀರಿಗೆ ತೊಂದರೆಯಿಲ್ಲ. ಹುಳಿ ಬಿದ್ದರೆ ಮಾತ್ರ ಕಿಲುಬು ಎದ್ದು ಅದು ವಿಷವಾಗುತ್ತದೆ. ನಮ್ಮ ಮನೆಯ ಮಗಳಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಚಿಕ್ಕವಳಿದ್ದಾಗ ತಿದಿ ಒತ್ತಿದವಳು ಅವಳು. ಶಾಲೆ ಸೇರಿದ ಮೊದಲ ವಾರವೇ, ಪಾನಕಕ್ಕೆ ಮುಂಚೆ ಕೊಳಗಕ್ಕೆ ಕಲಾಯಿ ಆಗಬೇಕೆಂದು ಹೇಳಿದಳು. ಕಮಿಟಿಯಲ್ಲಿ ಪಾತ್ರೆ, ನೀರು, ಚಾಪೆ ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂದಿತ್ತು.

ಆದರೆ ತವರ ಇರಲಿಲ್ಲ. ಮಲಯದ ಕಡೆಯಿಂದ ಬರುತ್ತಿದ್ದ ತವರ ಯುದ್ಧದಿಂದ ನಿಂತುಹೋಗಿತ್ತು. ಅಂಗಡಿಯಲ್ಲಿ ಸಿಕ್ಕರೂ ಅರ್ಧ ಸೀಸ ಬೆರೆಸಿದ್ದು. ಮರುಳಸಿದ್ದಪ್ಪನವರು ಹೊನ್ನಾಳಿ ಕಚೇರಿಗೆ ಓಡಾಡಿ, ಶಾಲೆಯ ಹೆಸರು ಹೇಳಿ, ಒಂದು ತುಂಡು ಒಳ್ಳೆಯ ತವರ ತಂದು ನನ್ನ ಅಂಗೈಯಲ್ಲಿ ಇಟ್ಟರು. ಕಡ್ಡಿಯಂಥ ಆ ತುಂಡನ್ನು ಬಗ್ಗಿಸಿದರೆ ಕಿರ್ ಎಂದಿತು. ಶುದ್ಧ ತವರದ ಗುರುತು ಅದು.

ಅದೇ ಹೊತ್ತಿಗೆ ಅವರ ಮನೆಯಲ್ಲಿ ಮದುವೆ. ಶ್ರಾವಣದ ಆರಂಭದಲ್ಲಿ ಲಗ್ನ, ಗಂಡು ಸಂತೇಬೆನ್ನೂರಿನವನು. ಅವರ ಮನೆಯ ದೊಡ್ಡಮ್ಮ ಹಿತ್ತಿಲಲ್ಲಿ ಪಾತ್ರೆಗಳ ರಾಶಿ ಹಾಕಿ ನನ್ನನ್ನು ಕರೆಸಿದರು. ತವರ ಇಲ್ಲ ಎಂದೆ. ಆಕೆ ನಕ್ಕರು. "ನಮ್ಮ ಯಜಮಾನ್ರು ತಂದುಕೊಟ್ಟಿದ್ದು ಐತಲ್ಲ, ಮೊದ್ಲು ನಮ್ಮದು ಮುಗಿಸು, ಸ್ಕೂಲಿನ ಕೊಳಗ ಎಲ್ಲಿಗೂ ಓಡಿಹೋಗಲ್ಲ" ಎಂದರು. ಅದು ಶಾಲೆಯ ತವರ ಎಂದು ನಾನು ಹೇಳಬಹುದಿತ್ತು. ಯಜಮಾನರನ್ನೇ ಕೇಳಿ ಎನ್ನಬಹುದಿತ್ತು. ದೊಡ್ಡ ಮನೆಯ ಕೆಲಸ ಕೈತಪ್ಪೀತೆಂದು ಹೇಳಲಿಲ್ಲ. ಮೂಲೆಯ ಸೂರಿನ ಕೆಳಗೆ ಒಲೆ ಹೂಡಿ ಮದುವೆಯ ಪಾತ್ರೆಗಳಿಗೆಲ್ಲ ಹಾಕಿದೆ. ಕನ್ನಡಿಯ ಹಾಗೆ ಹೊಳೆದವು. ಕೊನೆಗೆ ಉಳಿದದ್ದು ಕಡಲೆ ಬೀಜದಷ್ಟು.

ಆ ಚೂರನ್ನು ಕೊಳಗಕ್ಕೆ ಬಳಿದೆ. ಕಲಾಯಿಯಲ್ಲಿ ಕೈಚಳಕ ಇದ್ದವನು ಚೂರೇ ತವರವನ್ನು ಹತ್ತಿಯಲ್ಲಿ ಎಳೆದು ಎಳೆದು ಇಡೀ ಪಾತ್ರೆ ಬೆಳ್ಳಗೆ ಕಾಣುವಂತೆ ಮಾಡಬಲ್ಲ. ಬೂದಿ ಹಾಕಿ ಒಮ್ಮೆ ತಿಕ್ಕುವವರೆಗೆ ಅದು ನಿಲ್ಲುತ್ತದೆ. ಅಪ್ಪ ಅದನ್ನು ಸುಳ್ಳು ಕಲಾಯಿ ಎನ್ನುತ್ತಿದ್ದರು, ಅವರು ಅದನ್ನು ಮಾಡಿದ್ದನ್ನು ನಾನು ಕಂಡಿರಲಿಲ್ಲ. ನಾನು ಮಾಡಿದೆ. ಬೇರೆ ಕಡೆಯಿಂದ ತವರ ಸಿಕ್ಕೊಡನೆ ಇನ್ನೊಮ್ಮೆ ಹಾಕಿದರಾಯಿತು ಎಂದುಕೊಂಡೆ. ಜೈನಾಬಿ ಕೇಳಿದಾಗ, ಆಯಿತು ಎಂದೆ. ಕಮಿಟಿಯಲ್ಲೂ ಆಯಿತು ಎಂದೆ. ಅಣ್ಣ ಹಾಕಿದ ಕಲಾಯಿಯ ಒಳಗೆ ಕೈಯಾಡಿಸಿ ನೋಡಬೇಕೆಂದು ಅವಳಿಗೆ ಅನ್ನಿಸಲಿಲ್ಲ.

ತವರ ಸಿಗಲಿಲ್ಲ. ಶ್ರಾವಣದ ಕೊನೆಯ ಸೋಮವಾರ ಬಂತು. ಹಿಂದಿನ ದಿನ ದೊಡ್ಡ ಹುಡುಗಿಯರು ಹುರುಪಿನಿಂದ ಹುಣಸೆಹಣ್ಣು, ಬೂದಿ ಹಾಕಿ ಕೊಳಗವನ್ನು ಒಳಗೂ ಹೊರಗೂ ತಿಕ್ಕಿದ್ದರು. ಬೆಳಗ್ಗೆ ಬಸವ್ವ ಬೆಲ್ಲ ಕರಗಿಸಿ ನಿಂಬೆಹಣ್ಣು ಹಿಂಡಿದಳು. ಪೂಜೆಗೆ ಬರಬೇಕಾದ ಹಿರಿಯರು ಮಘೆ ಮಳೆಯಿಂದ ತಡ ಮಾಡಿದರು. ಪಾನಕ ಮಧ್ಯಾಹ್ನದವರೆಗೂ ಕೊಳಗದಲ್ಲೇ ನಿಂತಿತು. ಬೆಲ್ಲದ ಬಣ್ಣದಲ್ಲಿ ತಳ ಯಾರಿಗೂ ಕಾಣಲಿಲ್ಲ. ನಾನೂ ಅಲ್ಲಿದ್ದೆ. ಎಲ್ಲರ ಜೊತೆ ಜಮಖಾನದ ಮೇಲೆ ಕೂತು, ಮಕ್ಕಳು ಪ್ರಾರ್ಥನೆ ಹೇಳುವುದನ್ನು ಕೇಳುತ್ತಿದ್ದೆ. ಕೊಳಗದ ಕಡೆ ನೋಡಿದೆ. ಎದ್ದು ಹೋಗಿ ಬೇಡ ಎನ್ನಲು ಒಂದು ಗಳಿಗೆ ಕಾಲು ಎತ್ತಿದೆ ಕೂಡ. ಏನಾಗುತ್ತದೆ, ಒಂದು ಲೋಟ ತಾನೇ ಎಂದು ಮತ್ತೆ ಕೂತೆ.

ಸಂಜೆಗೆ ಮೊದಲು ಓಣಿ ಓಣಿಯಿಂದ ಸುದ್ದಿ ಬರತೊಡಗಿತು. ಮಕ್ಕಳು ವಾಂತಿ ಮಾಡುತ್ತಿದ್ದಾರೆ, ಹೊಟ್ಟೆ ಹಿಡಿದು ಹೊರಳುತ್ತಿದ್ದಾರೆ. ಹೆಚ್ಚಿನವರು ಪಂಡಿತರ ಔಷಧಕ್ಕೆ ಮಾರನೆಯ ದಿನ ಸುಧಾರಿಸಿದರು. ಗೌರಿಗೆ ಮಾತ್ರ ನಿಲ್ಲಲಿಲ್ಲ. ಅವಳು ಎರಡು ಸಲ ಕೇಳಿ ಕುಡಿದಿದ್ದಳಂತೆ. ಮಳೆಯಲ್ಲೇ ಕಮಾನು ಗಾಡಿ ಕಟ್ಟಿ ಹೊನ್ನಾಳಿ ಆಸ್ಪತ್ರೆಗೆ ಒಯ್ದರು. ಜೀವ ಉಳಿಯಿತು. ಮಗು ಎದ್ದು ಓಡಾಡುವ ಹೊತ್ತಿಗೆ ದೀಪಾವಳಿ ಬಂತು.

ಪಾನಕದ ಮಾರನೆಯ ಬೆಳಗ್ಗೆ ನಾನು ಶಾಲೆಗೆ ಹೋದಾಗ ಮಕ್ಕಳು ಯಾರೂ ಬಂದಿರಲಿಲ್ಲ. ಜೈನಾಬಿ ಕೊಳಗವನ್ನು ಬಾಗಿಲ ಬೆಳಕಿಗೆ ವಾಲಿಸಿ, ಒಳಗೆ ಕೈ ಹಾಕಿ, ಅಪ್ಪ ಕಲಿಸಿದ ಹಾಗೆ ಬೆರಳು ಆಡಿಸುತ್ತಿದ್ದಳು. ಪಕ್ಕೆಗಳಲ್ಲಿ ಬಿಳಿ ಅಲ್ಲಲ್ಲಿ ಉಳಿದಿತ್ತು. ತಳ ಪೂರ್ತಿ ಹಳದಿ. ಅಂಚಿಗೆ ಹಸಿರು ಗೆರೆ. ಅವಳು ತಲೆ ಎತ್ತಲಿಲ್ಲ.

"ಎಷ್ಟು ತವರ ಹಾಕಿದ್ದೆ ಭಾಯಿ?"

ಉಳಿದಷ್ಟು ಎಂದೆ. ಮದುವೆ ಮನೆಯ ವಿಷಯ ಅವಳಿಗೆ ಹೇಳಬೇಕಾಗಿರಲಿಲ್ಲ. ತಾನೇ ತಿಳಿದುಕೊಂಡಳು. ಕೊಳಗವನ್ನು ನೆಟ್ಟಗೆ ನಿಲ್ಲಿಸಿ ಹೇಳಿದಳು.

"ಕಮಿಟಿ ಮುಂದೆ ನೀನೇ ಹೇಳಿಬಿಡು. ನಾನು ಹೇಳಿದ್ರೆ, ತನ್ನ ತಪ್ಪು ಅಣ್ಣನ ತಲೆಗೆ ಕಟ್ಟಿದ್ಲು ಅಂತಾರೆ. ನೀನು ಹೇಳಿದ್ರೆ ನಂಬ್ತಾರೆ. ಸ್ಕೂಲು ಉಳೀತೈತೆ."

ಹೇಳುತ್ತೇನೆ ಎಂದೆ. ಹಾಗೆಂದಾಗ ಹೇಳುವವನೇ ಇದ್ದೆ, ಅದು ಸುಳ್ಳಲ್ಲ. ಆದರೆ ಮೀಟಿಂಗಿನ ದಿನ ಬರುವುದರೊಳಗೆ ನನಗೆ ನಾನೇ ಬೇರೆ ಲೆಕ್ಕ ಹಾಕಿಕೊಂಡೆ. ಕಲಾಯಿ ಇಮಾಮನ ಪಾತ್ರೆಯಿಂದ ಮಕ್ಕಳಿಗೆ ವಿಷವಾಯಿತು ಎಂದು ಒಮ್ಮೆ ಊರಿಗೆ ಗೊತ್ತಾದರೆ ನ್ಯಾಮತಿ ಏಕೆ, ಸುತ್ತಲಿನ ಯಾವ ಹಳ್ಳಿಯಲ್ಲೂ ಒಂದು ತಂಬಿಗೆ ಸಿಗುವುದಿಲ್ಲ. ಮನೆಯಲ್ಲಿ ಅಮ್ಮ, ಹೆಂಡತಿ, ಮಕ್ಕಳು. ಶಾಲೆಯ ತವರವನ್ನು ಮರುಳಸಿದ್ದಪ್ಪನವರ ಮನೆಗೆ ಹಾಕಿದೆ ಎಂದರೆ ಅವರ ಮುಖಕ್ಕೂ ಮಸಿ. ಜಮಖಾನದ ಮೇಲಿನ ನನ್ನ ಜಾಗವೂ ಹೋಗುತ್ತದೆ. ಜೈನಾಬಿ ಹೇಗಿದ್ದರೂ ಮದುವೆಯಾಗಿ ಹೋಗುವವಳು ಎಂದು ಕೂಡ ಅಂದುಕೊಂಡೆ. ಎಲ್ಲಕ್ಕಿಂತ ಕೆಟ್ಟ ಯೋಚನೆ ಅದು.

ಮೀಟಿಂಗಿನ ದಿನವೂ ಮಳೆ. ಎಲ್ಲರೂ ಕೂತ ಮೇಲೆ ಮರುಳಸಿದ್ದಪ್ಪನವರು, ಇದು ನಿಮ್ಮ ತಂಗಿಯ ವಿಷಯ, ನೀವು ಹೊರಗಿರಬೇಕಾಗುತ್ತದೆ ಎಂದು ನನಗೆ ಮೆತ್ತಗೆ ಹೇಳಿದರು. ನಾನು ಎದ್ದೆ. ಬಾಗಿಲಲ್ಲಿ ಜೈನಾಬಿ ಒಳಗೆ ಬರುತ್ತಿದ್ದಳು. ಈಗ ಹೇಳುತ್ತಾನೆ ಎಂಬಂತೆ ಅವಳು ನನ್ನ ಮುಖ ನೋಡಿದಳು. ನಾನು ಪಕ್ಕದಿಂದ ದಾಟಿ ಜಗಲಿಗೆ ಹೋಗಿ, ಮೊದಲ ಸಲ ಕೂತಿದ್ದ ಜಾಗದಲ್ಲೇ ಕೂತೆ.

ಒಳಗಿನ ಮಾತೆಲ್ಲ ಕೇಳಿಸುತ್ತಿತ್ತು. ಸಾಬರ ಕೈಗೆ ಶಾಲೆ ಕೊಟ್ಟದ್ದೇ ತಪ್ಪು ಎಂದರು ಒಬ್ಬರು. ಅವಳ ನೆರಳು ಬಿದ್ದಿದೆ ಎಂದರು ಇನ್ನೊಬ್ಬರು. ಅವಳು ಪಾನಕ ಮುಟ್ಟಿಯೇ ಇಲ್ಲ ಎಂದು ಬಸವ್ವ ಅಂಗಳದಿಂದ ಕೂಗಿ ಹೇಳಿದಳು. ಹಾಗಾದರೆ ಪಾತ್ರೆ ಸರಿಯಾಗಿ ತೊಳೆಸಿಲ್ಲ, ನೋಡಬೇಕಾದವಳು ನೋಡಿಲ್ಲ ಎಂದಾಯಿತು. ಆಗ ಮರುಳಸಿದ್ದಪ್ಪನವರು ಎದ್ದು ಬಾಗಿಲಿಗೆ ಬಂದರು. ಮೊಮ್ಮಗಳು ಇನ್ನೂ ಆಸ್ಪತ್ರೆಯಲ್ಲಿದ್ದಳು. ನಿದ್ದೆಯಿಲ್ಲದೆ ಅವರ ಕಣ್ಣುಗಳು ಕೆಂಪಾಗಿದ್ದವು. ಆದರೂ ಅವರು ನನ್ನ ತಂಗಿಗೆ ಒಂದು ದಾರಿ ಹುಡುಕುತ್ತಿದ್ದರು.

"ಇಮಾಮ್ ಸಾಬ್ರೆ, ಪಾತ್ರೆ ವಿಷಯ ನಿಮಗೆ ತಿಳಿದಷ್ಟು ನಮಗೆ ತಿಳಿಯಲ್ಲ. ಕೊಳಗದ ಕಲಾಯಿ ಸರಿ ಇತ್ತಾ?"

ಸೂರಿನ ನೀರು ನಮ್ಮಿಬ್ಬರ ನಡುವೆ ಬೀಳುತ್ತಿತ್ತು. ನಾನು ಬೀದಿಯ ಕೆಸರು ನೋಡಿದೆ.

"ನನ್ನ ತಂಗಿ ವಿಷಯ ರೀ ಇದು. ನಾನು ಮಾತಾಡಬಾರದು ಅಂತ ಕಾನೂನು ಐತಲ್ಲ."

 ಅವರು, "ಅದೂ ಸರಿ ಅನ್ನಿ" ಎಂದು ಒಳಗೆ ಹೋದರು. ಅವರು ತಿರುಗಿದಾಗ ಬಾಗಿಲು ತೆರವಾಗಿ ಜೈನಾಬಿ ಕಂಡಳು. ನನ್ನ ಮಾತು ಅವಳಿಗೆ ಕೇಳಿಸಿತ್ತು. ಅವಳ ಮುಖದಲ್ಲಿ ಸಿಟ್ಟು ಬಂದಿದ್ದರೆ ನನಗೆ ಹಗುರಾಗುತ್ತಿತ್ತು. ಬರಲಿಲ್ಲ. ಕಮಿಟಿಯವರ ಕಡೆ ತಿರುಗಿ ಅವಳು ಹೇಳಿದ ಮಾತು ಇಷ್ಟೇ:

"ಕೊಳಗದ ಒಳಗೆ ನಾನು ನೋಡಬೇಕಿತ್ತು, ನೋಡಲಿಲ್ಲ. ತಪ್ಪು ನಂದು. ಸ್ಕೂಲು ಮಾತ್ರ ಮುಚ್ಚಬ್ಯಾಡ್ರಿ."

ಜೈನಾಬಿಯನ್ನು ಕೆಲಸದಿಂದ ಬಿಡಿಸುವುದು, ಶಾಲೆ ಮುಚ್ಚದಿರುವುದು ಎಂದು ತೀರ್ಮಾನವಾದ ಮೇಲೆ ನನ್ನನ್ನು ಒಳಗೆ ಕರೆದರು. ಅವಳು ಆಗಲೇ ಹಿಂಬಾಗಿಲಿಂದ ಹೋಗಿದ್ದಳು. ತಟ್ಟೆ ನನ್ನ ಮುಂದೆ ಬಂತು. ಹೊರಗೆ ಕೂತಿದ್ದವನು ಅಡಿಕೆ ಎತ್ತಿಕೊಳ್ಳಬೇಕಾಗಿರಲಿಲ್ಲ. ಎತ್ತಿಕೊಂಡೆ. ಎಲ್ಲರೂ ನೋಡುತ್ತಿದ್ದರು, ಕೈ ತಾನಾಗಿ ಹೋಯಿತು. ಅದನ್ನು ಬಾಯಿಗೆ ಹಾಕಿಕೊಳ್ಳಲಾಗದೆ ಮುಷ್ಟಿಯಲ್ಲಿ ಹಿಡಿದು ಮನೆಯವರೆಗೂ ಬಂದೆ.

ಶಾಲೆಯ ಅರ್ಧ ಮಕ್ಕಳು ಹಿಂದಿರುಗಲಿಲ್ಲ. ಕುಂಬಾರ ಓಣಿಯ ಮುದುಕಿ ಮೊಮ್ಮಗಳನ್ನು ಬಿಡಿಸಿ ಚನ್ನಗಿರಿಯ ಕಡೆ ಕೊಟ್ಟು ಮದುವೆ ಮಾಡಿಬಿಟ್ಟಳು. ಪಾರ್ವತಮ್ಮ ಸುಗ್ಗಿಯ ನಂತರ ಕೂಸು ಎತ್ತಿಕೊಂಡು ಬಂದರು. ನಾನು ಇನ್ನೂ ಕೆಲವು ವರ್ಷ ಮೆಂಬರಾಗಿಯೇ ಇದ್ದೆ, ಸಾಬ್ರು ಎಂದು ಕರೆಸಿಕೊಳ್ಳುತ್ತಲೇ ಇದ್ದೆ. ಜೈನಾಬಿಯನ್ನು ಆ ಮಳೆಗಾಲದ ಮುಂದಿನ ಬೇಸಿಗೆಯಲ್ಲೇ ಜಗಳೂರಿನ ಒಬ್ಬ ಹತ್ತಿ ಎಕ್ಕಿ ಹಾಸಿಗೆ ತುಂಬುವವನಿಗೆ ಕೊಟ್ಟೆ. ಹೆಂಡತಿ ಸತ್ತವನು, ಇಬ್ಬರು ಮಕ್ಕಳ ತಂದೆ, ಒಳ್ಳೆಯ ಮನುಷ್ಯ. ಊರಿನಲ್ಲಿ ಅವಳ ಹೆಸರು ಕೆಟ್ಟ ಮೇಲೆ ಬೇರೆ ಯಾರೂ ಕೇಳಿ ಬರಲಿಲ್ಲ. ಗಾಡಿ ಹತ್ತುವಾಗ ಅವಳು ಅಮ್ಮನನ್ನು ತಬ್ಬಿಕೊಂಡು ಅತ್ತಳು. ನನ್ನ ಕೈಗೆ ತನ್ನ ಹಳೆಯ ಸ್ಲೇಟು ಕೊಟ್ಟು, ಮಕ್ಕಳಿಗೆ ತಿದ್ದಿಸು ಎಂದಳು.

ಹಬ್ಬಕ್ಕೆ ಒಮ್ಮೊಮ್ಮೆ ಜಗಳೂರಿಗೆ ಹೋಗುತ್ತಿದ್ದೆ. ಕೆಂಪು ಮಣ್ಣು, ಜಾಲಿ, ಬಿಸಿಲು. ಅವಳು ರೊಟ್ಟಿ ತಟ್ಟಿ ಹಾಕುತ್ತಿದ್ದಳು, ನಗುತ್ತಿದ್ದಳು. ಕೊಳಗದ ಮಾತು ಒಮ್ಮೆಯೂ ಎತ್ತಲಿಲ್ಲ. ನಾನು ಪ್ರತಿ ಸಲ ಹೇಳಬೇಕೆಂದು ಹೋಗಿ, ಹೇಳದೆ ಬಸ್ಸು ಹತ್ತುತ್ತಿದ್ದೆ.

ಸ್ವಾತಂತ್ರ್ಯ ಬಂದ ನಂತರದ ಬೇಸಿಗೆಯಲ್ಲಿ ಅವಳಿಂದ ಸುದ್ದಿ ಬಂತು. ಅಲ್ಲಿ ಹೆಣ್ಣುಮಕ್ಕಳ ಶಾಲೆಯ ಕಮಿಟಿಗೆ ಓದಿದ ಹೆಂಗಸು ಬೇಕೆಂದು ಅವಳನ್ನು ಮೆಂಬರು ಮಾಡಿದ್ದಾರೆ, ಶಾಲೆಗೆ ಒಂದು ಹಿತ್ತಾಳೆ ಹಂಡೆ ಬಂದಿದೆ, ಕಲಾಯಿ ಆಗಬೇಕು, ಭಾಯಿಯೇ ಬಂದು ಹಾಕಬೇಕು ಎಂದು. ನಾನು ತಿದಿ ಹೊತ್ತುಕೊಂಡು ಹೋದೆ. ಆಗ ತವರ ಮತ್ತೆ ಸಿಗುತ್ತಿತ್ತು. ದಾವಣಗೆರೆಯಲ್ಲಿ ಇಳಿದು, ಬಗ್ಗಿಸಿ, ಕಿರ್ ಎನ್ನಿಸಿ ನೋಡಿ, ಬೇಕಾದ್ದಕ್ಕಿಂತ ಹೆಚ್ಚು ಕೊಂಡೆ.

ಶಾಲೆಯ ಬೇವಿನ ಮರದ ಕೆಳಗೆ ಒಲೆ ಹೂಡಿದೆ. ಅವಳೇ ಕೂತು ತಿದಿ ಒತ್ತಿದಳು, ಚಿಕ್ಕಂದಿನಲ್ಲಿ ಒತ್ತುತ್ತಿದ್ದ ಹಾಗೆ. ಹಂಡೆಗೆ ಒಮ್ಮೆ ಹಾಕಿ, ತಣಿಸಿ, ಮತ್ತೆ ಕಾಯಿಸಿ ಎರಡನೆಯ ಸಲ ಹಾಕಿದೆ. ಮುಗಿದ ಮೇಲೆ ಅವಳು ಕುಪ್ಪಸದ ತೋಳು ಮೇಲೇರಿಸಿ ಹಂಡೆಯ ತಳದವರೆಗೂ ಕೈ ಇಳಿಸಿ ಸುತ್ತ ಆಡಿಸಿದಳು. ಸರಿ ಎಂಬಂತೆ ತಲೆಯಾಡಿಸಿದಳು.

ಅಷ್ಟರಲ್ಲಿ ಕಮಿಟಿಯವರು ಬಂದು ಜಗಲಿಯ ಮೇಲೆ ಕೂತರು. ಅವರ ಅಧ್ಯಕ್ಷರು ಒಬ್ಬ ವಯಸ್ಸಾದ ಗೌಡರು. ಹೊಸ ಮೆಂಬರಮ್ಮಾರಿಗೆ ಕೆಲಸ ಏನೇನು ಅಂತ ಯಾರಾದರೂ ಹೇಳಿ ಎಂದು ಅವರು ನಗುತ್ತ ಅಂದರು. ಜೈನಾಬಿ ನನ್ನ ಕಡೆ ಕೈ ತೋರಿಸಿದಳು.

"ನಮ್ಮ ಭಾಯಿನ ಕೇಳ್ರಿ. ನ್ಯಾಮತಿ ಸ್ಕೂಲ್ ಕಮಿಟೀಲಿ ಮೆಂಬರಾಗಿದ್ದೋರು."

ಅವಳು ಹೆಮ್ಮೆಯಿಂದ ಹೇಳಿದಳೋ, ಬೇಕೆಂದೇ ಹೇಳಿದಳೋ ನನಗೆ ಇಂದಿಗೂ ತಿಳಿದಿಲ್ಲ. ಗೌಡರು, ಬರ್ರಿ ಸಾಬ್ರೆ, ಮ್ಯಾಲೆ ಕುಂತ್ಕಳ್ರಿ ಎಂದು ಜಾಗ ಮಾಡಿದರು. ನಾನು ಕೂರಲಿಲ್ಲ. ಮಸಿ ಕೈಯಲ್ಲಿ ಅಂಗಳದಲ್ಲೇ ನಿಂತು, ಇನ್‌ಸ್ಪೆಕ್ಟರ್ ಸಾಹೇಬರು ಹೇಳಿದ್ದನ್ನು ಒಂದೊಂದಾಗಿ ಹೇಳಿದೆ. ಹೆಂಚು, ಚಾಪೆ, ನೀರು. ಮಕ್ಕಳು ಬರದಿದ್ದರೆ ಯಾಕೆ ಎಂದು ಮನೆಗೆ ಹೋಗಿ ಕೇಳುವುದು. ಹುಕುಂ ಮಾಡದೆ ಇರುವುದು. ಕೇಳಲು ಹೆದರದೆ ಇರುವುದು. ತನ್ನ ಮನೆಯವರ ವಿಷಯ ಬಂದಾಗ ಎದ್ದು ಹೊರಗೆ ಹೋಗುವುದು. ಅಲ್ಲಿಗೆ ಬಂದಾಗ ಸಾಹೇಬರು ಹೇಳದ ಒಂದು ಮಾತನ್ನೂ ಸೇರಿಸಿದೆ. ಹೊರಗೆ ಕೂತವನನ್ನೂ ನಿಜ ಕೇಳಿದರೆ ಅವನು ಹೇಳಬೇಕು ಎಂದೆ.  ಗೌಡರು ಏನೂ ಅರ್ಥವಾಗದೆ ನನ್ನ ಮುಖ ನೋಡಿದರು. ಶಾಲೆಯ ಅಕ್ಕೋರು ಬಾಗಿಲಿಗೆ ಬಂದು ನಿಂತರು. ಜೈನಾಬಿ ತಿದಿಯ ಹತ್ತಿರ ಕೂತೇ ಇದ್ದಳು. ನಾನು ಅವಳ ಕಡೆ ತಿರುಗಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದೆ.

"ಜೈನಾ, ಆ ಕೊಳಗಕ್ಕೆ ನಾನು ಹಾಕಿದ್ದು ಸುಳ್ಳು ಕಲಾಯಿ. ಸ್ಕೂಲಿನ ತವರ ಮದುವಿ ಮನೆಗೆ ಹಾಕಿದ್ದೆ. ಕೇಳಿದಾಗ ಬಾಯಿ ಬಿಡಲಿಲ್ಲ, ನಿನ್ನ ಸ್ಕೂಲು ನಿನ್ನ ಕೈಯಿಂದ ಹೋಯ್ತು. ತಪ್ಪು ನಿಂದಲ್ಲ, ನಂದು. ತಪ್ಪಾಯ್ತು ತಾಯಿ."